ಬೀದರ್ ಕಾಣಲೆಂದು ಮೇಲೇರಿದ್ದು

ಆ ಶನಿವಾರವೂ ನನ್ನನ್ನು ಎಬ್ಬಿಸಿದ್ದು ಮೇಲಿನ ಫ್ಲಾಟಿನ ಏಸಿಯಿಂದ ನಮ್ಮ ಕಿಟಕಿಯ ತಗಡಿಗೆ ಬೀಳುವ ನೀರಿನ ಸದ್ದು. ಕೊಲ್ಲಿ ದೇಶದ ಅಲ್ ಮುರಕ್ಕಬಾತ್‌ನಲ್ಲಿ ಅಷ್ಟು ವರ್ಷ ಇದ್ದರೂ ಅಲಾರಾಂ ಇಡುವ ಅಭ್ಯಾಸ ನನಗೆ ಆಗಲೇ ಇಲ್ಲ. ಆ ತೊಟ್ಟುಗಳೇ ಸಾಕಿದ್ದವು. ಎದ್ದು ದೇವರಿಗೆ ದೀಪ ಹಚ್ಚಿ, ನೆನೆಹಾಕಿದ್ದ ಅಕ್ಕಿ ಅರೆದು, ನೀರುದೋಸೆಗೆ ಕಾವಲಿ ಇಟ್ಟೆ. ಮೊದಲ ದೋಸೆ ಯಾವತ್ತಿನ ಹಾಗೆ ಹರಿಯಿತು. ಅದನ್ನು ಯಾವತ್ತಿನ ಹಾಗೆ ನಾನೇ ತಿಂದೆ.

ಒಳಗೆ ನಮ್ಮವರು ಕನ್ನಡಿಯ ಮುಂದೆ ನಿಂತು ಕೆಂಪು ಟೀಶರ್ಟನ್ನು ಎಳೆದೆಳೆದು ನೋಡಿಕೊಳ್ಳುತ್ತಿದ್ದರು. ನಮ್ಮವರು ಅಂದರೆ ಪ್ರಭಾಕರ, ದೇರಾ ಪೇಟೆಯ ಮಸಾಲೆ ಸಗಟು ಅಂಗಡಿಯೊಂದರ ಮ್ಯಾನೇಜರು. ಸಂಜೆ ಬಾಗಿಲು ತೆಗೆದರೆ ಅವರಿಗಿಂತ ಮೊದಲು ಏಲಕ್ಕಿಯ ಪರಿಮಳ ಒಳಗೆ ಬರುತ್ತದೆ.

"ಹೊಟ್ಟೆ ಕಾಣ್ತದಾ ವಸಂತಿ?"

"ಮೇಲಿಂದ ಫೋಟೋ ತೆಗೆಯುವುದಲ್ವಾ? ಮೇಲಿಂದ ಹೊಟ್ಟೆ ಕಾಣುದಿಲ್ಲ, ಬೋಳು ಕಾಣ್ತದೆ."

"ಹಾಗಾದ್ರೆ ಆ ಟೊಪ್ಪಿ ಎಲ್ಲುಂಟು ಕೊಡು ಮಾರಾಯ್ತಿ."

ಅಂದು ನಮ್ಮ ಕನ್ನಡ ಸಂಘದ ರಾಜ್ಯೋತ್ಸವದ ಪಿಕ್ನಿಕ್. ಕಡಲ ದಂಡೆಯ ಪಾರ್ಕಿನಲ್ಲಿ ಎಲ್ಲರೂ ಸೇರಿ ಕರ್ನಾಟಕದ ನಕ್ಷೆಯ ಆಕಾರದಲ್ಲಿ ನಿಲ್ಲುವುದು, ಅದನ್ನು ಮೇಲಿನಿಂದ ಚಿತ್ರ ತೆಗೆಯುವುದು. ಬಾವುಟದಲ್ಲಿ ಇರುವ ಹಾಗೆ ಮೇಲಿನ ಜಿಲ್ಲೆಗಳಿಗೆ ಹಳದಿ ಬಟ್ಟೆ, ಕೆಳಗಿನ ಜಿಲ್ಲೆಗಳಿಗೆ ಕೆಂಪು. ನಮ್ಮವರು ಉಡುಪಿ. ನಾನೂ ಉಡುಪಿಯೇ ಆಗಬೇಕಿತ್ತು, ಆದರೆ ಪ್ರವಾಸಿಗರು ತುಂಬಿ ತುಳುಕುವ ಕಾಲ, ನನಗೆ ಡ್ಯೂಟಿ. ಹಿಂದಿನ ವರ್ಷ ಪಾರ್ಕಿನ ಪಕ್ಕದ ಕಟ್ಟಡದ ಮಹಡಿ ಹತ್ತಿ ಫೋಟೋ ತೆಗೆದಿದ್ದರು. ಈ ಸಲವೂ ಹಾಗೇ ಎಂದು ನಾನು ತಿಳಿದಿದ್ದೆ. ಹೊಸ ಕಾರ್ಯದರ್ಶಿ ಶ್ರೀಧರ, ಮೈಸೂರಿನ ಹುಡುಗ, ಕಂಪ್ಯೂಟರ್ ಕೆಲಸದವನು, "ಈ ಸಲ ಒಂದು ಸರ್‌ಪ್ರೈಸ್ ಇದೆ" ಎಂದು ಗುಂಪಿನಲ್ಲಿ ಬರೆದಿದ್ದ. ಬಹುಶಃ ಮೈಸೂರು ಪಾಕ್ ಇರಬೇಕು ಅಂದುಕೊಂಡಿದ್ದೆ.

ನಾನು ಬಾಗಿಲು ಎಳೆದುಕೊಳ್ಳುವಾಗ ಎದುರು ಮನೆಯ ಮಾದೇವಕ್ಕ ಹಳದಿ ಸೀರೆ ಉಟ್ಟು, ಶೇಂಗಾ ಹೋಳಿಗೆಯ ಡಬ್ಬಿಯನ್ನು ಮಗುವಿನ ಹಾಗೆ ಎತ್ತಿಕೊಂಡು ಲಿಫ್ಟಿಗೆ ಕಾಯುತ್ತಿದ್ದರು. ಅವರ ತವರು ಬೀದರ್ ಕಡೆ. ಗಂಡ ದಂತವೈದ್ಯರು, ಮಾತು ಕಡಿಮೆ. ಇಬ್ಬರ ಪಾಲಿನದನ್ನೂ ಮಾದೇವಕ್ಕನೇ ಆಡುತ್ತಾರೆ.

"ಹೋದ ವರ್ಷದ್ದು ಫೋಟೋ ನೋಡಿದೇನವ್ವಾ? ಕಲಬುರಗಿತನಾ ಬಂದದ, ಬೀದರ ಕಡದು ಒಗದಾರ. ನಾ ಅಷ್ಟೊತ್ತು ಬಿಸಲಾಗ ನಿಂತದ್ದು ಯಾರಿಗಿ ಬೇಕಾಗಿತ್ತು? ಈ ವರ್ಷ ಬಿಡಂಗಿಲ್ಲ ನೋಡು."

"ಬಿಡ್ಬೇಡಿ ಅಕ್ಕಾ" ಎಂದು ನಗುತ್ತಾ ನಾನು ಟ್ಯಾಕ್ಸಿ ಹತ್ತಿದೆ.

ಈಗ ನಾನು ನಿವೃತ್ತಳು. ನನ್ನ ಕುರ್ಚಿಗೆ ಬಂದ ಹುಡುಗಿ ಮೊನ್ನೆ ಫೋನಿನಲ್ಲಿ "ಆಂಟಿ, ಈ ಕೆಲಸದಲ್ಲಿ ನಿಜವಾಗಿ ಮಾಡೋದೇನು?" ಎಂದು ಕೇಳಿದಳು. ಅವಳಿಗೂ ಅವಳಂಥವರಿಗೂ ಆ ಶನಿವಾರವನ್ನೇ ಹೇಳುವುದು ಒಳ್ಳೆಯದು. ಆದರೆ ಅದಕ್ಕೆ ಮೊದಲು ಸ್ವಲ್ಪ ಹಿಂದಿನದ್ದು.

ನಾನು ಹದಿನೈದು ಇಪ್ಪತ್ತು ವರ್ಷ ಬರೀ ಮನೆ ನೋಡಿಕೊಂಡಿದ್ದವಳು. ಮಕ್ಕಳು ದೊಡ್ಡವರಾಗಿ, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ಕಾಲೇಜಿಗೆ ಹೋದ ಮೇಲೆ ಮನೆ ತೀರಾ ನಿಶ್ಶಬ್ದವಾಯಿತು. ಪ್ರವಾಸಿಗರನ್ನು ಹೆಲಿಕಾಪ್ಟರಿನಲ್ಲಿ ಕೂರಿಸಿ ಊರು ತೋರಿಸುವ ಒಂದು ಸಣ್ಣ ಕಂಪನಿಗೆ ನಮ್ಮವರ ಅಂಗಡಿಯಿಂದ ಕಾಫಿ, ಖರ್ಜೂರ ಹೋಗುತ್ತಿತ್ತು. ಒಮ್ಮೆ ಡಬ್ಬಗಳು ಅದಲು ಬದಲಾದಾಗ ನಾನೇ ಫೋನ್ ಮಾಡಿ ವಿಳಾಸ ಹೇಳಿದೆ. ಆ ಕಡೆ ಫೋನ್ ಹಿಡಿದವರು ಅಲ್ಲಿಯ ಕಾರ್ಯಾಚರಣೆ ಮ್ಯಾನೇಜರು, ಜೋರ್ಡಾನಿನ ನಬೀಲ್ ಸಾಹೇಬರು. ಅವರು ಖರ್ಜೂರದ ವಿಷಯ ಬಿಟ್ಟು, "ಸಿಸ್ಟರ್, ನಿನ್ನ ಒಂದೊಂದು ಅಕ್ಷರವೂ ಕೇಳುತ್ತದೆ. ಎಲ್ಲಿ ಕಲಿತೆ?" ಎಂದರು.

ಕಲಿತದ್ದು ಕಾನ್ವೆಂಟಿನಲ್ಲಿ. ನಮ್ಮ ಸಿಸ್ಟರ್ ಇಮೆಲ್ದಾ ಪಾಠ ಓದಿಸುವಾಗ ತಾವು ತರಗತಿಯ ಹಿಂದಿನ ಗೋಡೆಗೆ ಒರಗಿ ನಿಲ್ಲುತ್ತಿದ್ದರು. ಕೂಗುವ ಹಾಗಿಲ್ಲ, ಆದರೆ ಕೊನೆಯ ಅಕ್ಷರವೂ ಗೋಡೆ ಮುಟ್ಟಬೇಕು. ಕಾಂಪೊಸಿಷನ್ ಬರೆಸುವಾಗ ಅವರದ್ದು ಇನ್ನೊಂದು ಕಟ್ಟಳೆ: ಕಂಡದ್ದು ಬರೆ, ಅಂದುಕೊಂಡದ್ದು ಬರೆಯಬೇಡ. "ಹಸು ಸಿಟ್ಟಿನಲ್ಲಿತ್ತು" ಎಂದು ಬರೆದರೆ, "ಹಸು ನಿನಗೆ ಹೇಳಿತಾ?" ಎಂದು ಕೇಳುತ್ತಿದ್ದರು. ಇವೆರಡೇ ನನ್ನ ಕಸುಬಿನ ಬಂಡವಾಳವಾದವು. ಸಿಸ್ಟರ್‌ಗಳಿಗೆ ಹೆದರಿ ಬೆಳೆದವಳು, ನಬೀಲ್ ಸಾಹೇಬರ ಬಾಯಲ್ಲಿ ನಾನೇ ಸಿಸ್ಟರ್ ಆದೆ.

ನನ್ನ ಕೆಲಸ ರೇಡಿಯೊ ಮುಂದೆ ಕೂರುವುದು. ನಾವು ಕಂಟ್ರೋಲ್ ಟವರ್ ಅಲ್ಲ. ಆಕಾಶದಲ್ಲಿ ದಾರಿ ಕೊಡುವವರು ಅವರು. ನಾವು ಕಂಪನಿಯ ಕಿವಿ. ನಮ್ಮ ಹೆಲಿಕಾಪ್ಟರ್ ಎಲ್ಲಿದೆ, ಎಷ್ಟು ಜನ ಕೂತಿದ್ದಾರೆ, ಯಾವಾಗ ಬರುತ್ತದೆ ಎಂದು ಕೇಳುತ್ತಾ ಇರಬೇಕು. ಬರಬೇಕಾದ ಸ್ವರ ಬಾರದಿದ್ದರೆ ಮೊದಲು ಗಾಬರಿಯಾಗಬೇಕಾದವರು ನಾವು. ನಾನು ಸೇರಿದಾಗ ಗೋಡೆಗೆ ಕಡಲ ದಂಡೆಯ ದೊಡ್ಡ ನಕ್ಷೆ, ಅದರ ಮೇಲೆ ಸರಿಸಲಿಕ್ಕೆ ಬಣ್ಣದ ಬಿಲ್ಲೆಗಳು ಇದ್ದವು. ಬಿಲ್ಲೆಗಳು ಕಳೆದುಹೋದಾಗ ಮನೆಯ ಫ್ರಿಜ್ಜಿಗೆ ಅಂಟಿಸುವ ಹಣ್ಣು ತರಕಾರಿಯ ಮ್ಯಾಗ್ನೆಟ್ ತಂದು ಹಾಕಿದೆ. ಒಂದು ಹೆಲಿಕಾಪ್ಟರ್ ಮಾವಿನಹಣ್ಣು, ಇನ್ನೊಂದು ಬದನೆಕಾಯಿ. ಪೈಲಟ್‌ಗಳು ಬಂದವರೇ ನಕ್ಷೆ ನೋಡಿ, "ಇವತ್ತು ನಾನು ಬದನೆಯಾ?" ಎಂದು ಮುಖ ಚಿಕ್ಕದು ಮಾಡುತ್ತಿದ್ದರು. ಆಮೇಲೆ ಎಲ್ಲ ಪರದೆಗೆ ಬಂತು, ಹೆಲಿಕಾಪ್ಟರುಗಳು ತಾವೇ ಹಸಿರು ಗುರುತಾಗಿ ಓಡಾಡತೊಡಗಿದವು. ಆದರೂ ಮ್ಯಾಗ್ನೆಟ್ ತೆಗೆಯಲು ಯಾರೂ ಬಿಡಲಿಲ್ಲ.

ಡ್ರೋನ್‌ಗಳು ನಮ್ಮ ಕೆಲಸಕ್ಕೆ ಅಡ್ಡ ಬಂದದ್ದು ನಡುವೆ. ಮೊದಲು ನಗುವ ವಸ್ತುವಾಗಿಯೇ ಬಂದವು. ನಬೀಲ್ ಸಾಹೇಬರು ಎಲ್ಲ ಪೈಲಟ್‌ಗಳಿಗೂ "ಇಳಿದ ಕೂಡಲೇ ಡ್ರೋನ್ ಕಂಡಿತಾ ಎಂದು ಕೇಳು" ಎಂದು ನನಗೆ ಅಪ್ಪಣೆ ಮಾಡಿದರು. ಕೇಳಿದೆ. ಅವತ್ತಿನಿಂದ ಕಂಡದ್ದೆಲ್ಲ ಡ್ರೋನೇ! ಕಾಗೆ ಡ್ರೋನ್, ಗಾಳಿಗೆ ಹಾರಿದ ಪ್ಲಾಸ್ಟಿಕ್ ಚೀಲ ಡ್ರೋನ್, ಅರಬ್ ಶೇಖ್ ಒಬ್ಬರು ಸಾಕಿದ ಗಿಡುಗವೂ ಡ್ರೋನ್. ಎಲ್ಲ ವರದಿಯೂ ಟವರಿಗೆ ಹೋಗುತ್ತಿತ್ತು, ಅವರು ಬೇಸತ್ತು ಸಾಹೇಬರಿಗೆ ಫೋನ್ ಮಾಡಿದರು. ನಾನು ಮೆತ್ತಗೆ, "ಸರ್, ಪ್ರಶ್ನೆ ಬದಲಿಸಿ ನೋಡುವಾ" ಎಂದೆ. ಡ್ರೋನ್ ಎಂಬ ಮಾತನ್ನೇ ಎತ್ತದೆ "ಏನು ಕಂಡಿತು? ಬಣ್ಣ ಏನು? ಅಲ್ಲಾಡುತ್ತಿತ್ತಾ? ಕೆಳಗೆ ಏನಿತ್ತು?" ಎಂದು ಕೇಳಲು ಶುರು ಮಾಡಿದೆ. ಮೊದಲ ವಾರವೇ ಒಬ್ಬ ಪೈಲಟ್ ಬಹಳ ಗಂಭೀರವಾಗಿ, "ಬೆಳ್ಳಿಬಣ್ಣದ ಐದು ಎಂಬ ಅಂಕಿ ನನ್ನ ಪಕ್ಕದಲ್ಲೇ ಹೋಯಿತು" ಎಂದರು. ಯಾವುದೋ ಮಗುವಿನ ಹುಟ್ಟುಹಬ್ಬದ ಬಲೂನು! "ಖಲಾಸ್, ಸಿಸ್ಟರ್, ನಿನ್ನ ಪ್ರಶ್ನೆಯೇ ಇರಲಿ" ಎಂದರು ಸಾಹೇಬರು.

ಇನ್ನೊಂದು ಸಲ ಅಬುಧಾಬಿಯ ಹೋಟೆಲೊಂದರಲ್ಲಿ ಪ್ರವಾಸಿಗರನ್ನು ಇಳಿಸಬೇಕಿತ್ತು. ಅಲ್ಲಿ ಹುಲ್ಲುಹಾಸಿನ ಮೇಲೆ ಮದುವೆ, ಮದುವೆಯ ಮೇಲೆ ವಿಡಿಯೊದವನ ಡ್ರೋನ್. ಕ್ಯಾಪ್ಟನ್ ಒಟೀನೊ ದೂರದಲ್ಲಿ ಸುತ್ತುತ್ತಾ ಕಾದರು. ಕೊನೆಗೆ ವಧುವಿನ ತಂದೆಯೇ ಎದ್ದು ಹೋಗಿ ಡ್ರೋನ್ ಇಳಿಸಿದರಂತೆ. ಮರುದಿನ ನಮ್ಮ ಆಫೀಸಿಗೆ ಒಂದು ಪೆಟ್ಟಿಗೆ ಸಿಹಿ ಬಂತು. ಆ ಸಿಹಿಯನ್ನು ಹಂಚುವಾಗಲೇ ನಾನು ಒಟೀನೊ ಅವರನ್ನು ಕೇಳಿದ್ದು: "ಅಷ್ಟು ಸಣ್ಣ ಆಟಿಕೆ, ಅದಕ್ಕೆ ಯಾಕೆ ಅಷ್ಟು ಹೆದರಿಕೆ?"

ಒಟೀನೊ ಕೆನ್ಯಾದವರು. ನಿಧಾನದ ಮನುಷ್ಯ. ಚಹಾಕ್ಕೆ ಸಕ್ಕರೆ ಹಾಕಿ ಕರಗುವ ತನಕ ನೋಡುತ್ತಾ ಕೂರುತ್ತಾರೆ. ಅವರು ನನ್ನ ಊಟದ ಡಬ್ಬಿಯ ಟೊಮೆಟೊವನ್ನೂ ನನ್ನ ಫೋನಿನ ಪವರ್‌ಬ್ಯಾಂಕನ್ನೂ ಎರಡು ಕೈಯಲ್ಲಿ ಹಿಡಿದರು. "ವಸಂತಿ, ಯಾರಾದರೂ ಎಸೆದರೆ ಯಾವುದು ನಿನ್ನ ಹಣೆಗೆ ಬಡಿಯಲಿ? ಹಕ್ಕಿ ಇದು, ಟೊಮೆಟೊ. ಅದೂ ಕೆಲವು ಸಲ ಗಾಜು ಒಡೆಯುತ್ತದೆ. ಡ್ರೋನ್ ಇದು. ಒಳಗೆ ಬ್ಯಾಟರಿ, ಮೋಟಾರು, ಲೋಹ. ನಮ್ಮ ಮುಂದಿನ ಗಾಜು ಕಾರಿನದಕ್ಕಿಂತ ಹಗುರ. ಹಿಂದೆ ಬಾಲದಲ್ಲಿ ಒಂದು ಸಣ್ಣ ಫ್ಯಾನ್ ಇದೆ ನೋಡು, ಅದಕ್ಕೆ ಬಡಿದರೆ ಹೆಲಿಕಾಪ್ಟರ್ ಬುಗುರಿ."

"ಬರುವುದು ಕಾಣುವುದಿಲ್ಲವಾ?"

"ಅದೇ ಕಷ್ಟ. ಅತ್ತಿತ್ತ ಹೋಗುವ ವಸ್ತು ಕಣ್ಣಿಗೆ ಬೀಳುತ್ತದೆ, ಅದು ಬಡಿಯುವುದಿಲ್ಲ. ನೇರ ನಮಗೇ ಬಡಿಯಲು ಬರುವುದು ಗಾಜಿನ ಮೇಲೆ ಚುಕ್ಕಿಯ ಹಾಗೆ ನಿಂತೇ ಇರುತ್ತದೆ. ನೊಣ ಕೂತಿದೆ ಅನಿಸುತ್ತದೆ. ಆಮೇಲೆ ಒಮ್ಮೆಲೇ ದೊಡ್ಡದಾಗುತ್ತದೆ. ಅಷ್ಟರಲ್ಲಿ ತಡ."

ಇಷ್ಟು ತಿಳಿದರೆ ಆ ಶನಿವಾರ ಏನಾಗುವುದರಲ್ಲಿತ್ತೆಂದು ನಿಮಗೆ ಗೊತ್ತಾದೀತು.

ಬಿಸಿಲು ಏರಿತ್ತು. ಮಾವಿನಹಣ್ಣಿನಲ್ಲಿ ಒಟೀನೊ, ಸ್ವಲ್ಪ ಹಿಂದೆ ಬದನೆಕಾಯಿಯಲ್ಲಿ ಲೀನಾ. ಲೀನಾ ನಮ್ಮಲ್ಲಿಗೆ ಸೇರಿ ಹೆಚ್ಚು ದಿನ ಆಗಿರಲಿಲ್ಲ. ತಲೆಗೂದಲನ್ನು ಬಿಗಿಯಾಗಿ ಕಟ್ಟಿ, ಪ್ರತಿ ಸಲ ಹತ್ತುವ ಮೊದಲು ಹೆಲಿಕಾಪ್ಟರಿನ ಮೂತಿಯನ್ನು ಅಂಗೈಯಿಂದ ಒಮ್ಮೆ ತಟ್ಟುವ ಹುಡುಗಿ. ಅವಳ ಹಿಂದೆ ಅವತ್ತು ಕೂತಿದ್ದವರು ಒಬ್ಬ ಅಜ್ಜ, ಅಜ್ಜಿ, ಅವರ ಮಗಳು. ಅಜ್ಜಿ ಹತ್ತುವ ಮೊದಲು ನಮ್ಮ ಕೌಂಟರಿನಲ್ಲಿ ಚಪ್ಪಲಿ ಬಿಡಬೇಕಾ ಎಂದು ಕೇಳಿದ್ದರು. ಎರಡೂ ಹೆಲಿಕಾಪ್ಟರುಗಳು ಸುತ್ತು ಮುಗಿಸಿ ವಾಪಸು ಬರುತ್ತಿದ್ದವು. ನಮ್ಮ ಹೆಲಿಪ್ಯಾಡಿಗೆ ಇಳಿಯುವ ದಾರಿ ಕಡಲ ದಂಡೆಗೆ ಒತ್ತಿಕೊಂಡೇ ಬರುತ್ತದೆ. ಅಲ್ಲಿಗೆ ಬರುವಾಗ ಅವು ತೀರಾ ಕೆಳಗಿರುತ್ತವೆ.

ರೇಡಿಯೊದಲ್ಲಿ ಒಟೀನೊ ಅವರ ಸ್ವರ ಬಂತು. ಸ್ವರ ಏರಿಸುವವರೇ ಅಲ್ಲ ಅವರು. ಅಂದು ಏರಿತ್ತು.

"ವಸಂತಿ, ಎಡಕ್ಕೆ ಏನೋ ಹೋಯಿತು. ಬಹಳ ಹತ್ತಿರ."

"ಏನು ಕಂಡಿತು?"

"ಬಿಳಿ. ನಾಲ್ಕು ಮೂಲೆ. ಗಾಜಿನ ಮೇಲೆ ನಿಂತಿತ್ತು, ಒಮ್ಮೆಲೇ ದೊಡ್ಡದಾಯಿತು. ನಾನು ಬಲಕ್ಕೆ ಎಳೆದುಕೊಂಡೆ. ಟವರಿಗೆ ಹೇಳಿದ್ದೇನೆ."

"ಕೆಳಗೆ ಏನಿತ್ತು?"

"ಪಾರ್ಕು. ಮರಳಿನ ಮೇಲೆ ಜನ. ಮೇಲರ್ಧ ಹಳದಿ, ಕೆಳಗರ್ಧ ಕೆಂಪು. ಏನೋ ಆಕಾರದಲ್ಲಿ ನಿಂತಿದ್ದಾರೆ. ಹೂಜಿಯ ಹಾಗೆ, ಸ್ವಲ್ಪ ವಾಲಿದ ಹೂಜಿ, ಬಾಯಿ ಮೇಲೆ ಬಲಕ್ಕೆ. ಯಾರೂ ಅಲ್ಲಾಡುತ್ತಿಲ್ಲ."

ಒಂದು ಗಳಿಗೆ ನಾನೂ ಅಲ್ಲಾಡಲಿಲ್ಲ. ಆ ಹೂಜಿಯೊಳಗೆ ನಮ್ಮವರು ಟೊಪ್ಪಿ ಹಾಕಿ ನಿಂತಿದ್ದಾರೆ.

"ಲೀನಾ, ದಂಡೆ ಕಡೆ ಬರಬೇಡ. ಬಿಳಿ ಡ್ರೋನ್ ಇದೆ, ನಿನ್ನ ಎತ್ತರದಲ್ಲೇ. ಟವರನ್ನು ಕೇಳಿ ಸಮುದ್ರದ ಮೇಲೆ ತಿರುಗು." ಕೊನೆಯ ಅಕ್ಷರವೂ ಗೋಡೆ ಮುಟ್ಟುವ ಹಾಗೆ ಹೇಳಿದೆ. ಲೀನಾ ಕೇಳಿಸಿಕೊಂಡದ್ದನ್ನು ಮರಳಿ ಹೇಳಿ ತಿರುಗಿದಳು. ಪರದೆಯ ಮೇಲೆ ಅವಳ ಹಸಿರು ಗುರುತು ನೀಲಿಯಲ್ಲಿ ಸುತ್ತತೊಡಗಿತು.

ಆದರೆ ಎಷ್ಟು ಹೊತ್ತು ಸುತ್ತಿಯಾಳು? ಪ್ರವಾಸದ ಕೊನೆಗೆ ಇಂಧನ ಉಳಿಯುವುದು ಲೆಕ್ಕದ್ದೇ. ಬೇರೆ ಕಡೆ ಇಳಿಸೋಣವೆಂದರೆ ದೊಡ್ಡ ವಿಮಾನಗಳ ದಾರಿ ದಾಟಿಸಬೇಕು. ಡ್ರೋನ್ ಈಗ ಎಲ್ಲಿದೆ, ದಂಡೆಯ ಮೇಲಾ, ನೀರಿನ ಮೇಲಾ, ಯಾರಿಗೂ ಗೊತ್ತಿಲ್ಲ. ನಬೀಲ್ ಸಾಹೇಬರು ಒಂದು ಕಿವಿಗೆ ಟವರು, ಇನ್ನೊಂದು ಕಿವಿಗೆ ಪೊಲೀಸರು ಎಂದು ಎರಡು ಫೋನ್ ಹಿಡಿದಿದ್ದರು. ಪೊಲೀಸರು ಹೊರಟಿದ್ದಾರೆ, ಆದರೆ ಶನಿವಾರದ ಟ್ರಾಫಿಕ್. ಆ ಊರಿನ ಅಷ್ಟು ದೊಡ್ಡ ವ್ಯವಸ್ಥೆಯಲ್ಲಿ ಯಾರ ಹತ್ತಿರವೂ ಇಲ್ಲದ ಫೋನ್ ನಂಬರ್ ನನ್ನ ಬ್ಯಾಗಿನಲ್ಲಿತ್ತು.

ನಮ್ಮವರಿಗೆ ಫೋನ್ ಮಾಡಿದೆ. ಗಂಟೆ ಹೊಡೆಯಿತು, ಹೊಡೆಯಿತು, ನಿಂತಿತು. ಮತ್ತೆ ಮಾಡಿದೆ. ಮತ್ತೆ ಹಾಗೇ. ಜೇಬಿನಲ್ಲಿ ಫೋನ್ ನಡುಗುವುದು ಅವರಿಗೆ ಗೊತ್ತಾಗುತ್ತಿತ್ತಂತೆ. "ಅಲ್ಲಾಡಬೇಡಿ ಅಂತ ಹೇಳಿದ್ರು ವಸಂತಿ, ನಾನು ಕೈ ಎತ್ತಿದ್ರೆ ಉಡುಪಿ ಹಾಳಾಗ್ತಿತ್ತು" ಎಂದು ಆಮೇಲೆ ಹೇಳಿದರು. ಮೂವತ್ತು ವರ್ಷದ ಸಂಸಾರದಲ್ಲಿ ಅವರು ಯಾರ ಮಾತನ್ನಾದರೂ ಅಷ್ಟು ನಿಷ್ಠೆಯಿಂದ ಕೇಳಿದ್ದು ಅದೇ ಮೊದಲು.

ಹೇಳಿದ ಮಾತು ಕೇಳದವರು ಯಾರೆಂದು ಯೋಚಿಸಿದೆ. ಮಾದೇವಕ್ಕನಿಗೆ ಮಾಡಿದೆ. ಮೊದಲ ಗಂಟೆಗೇ ಎತ್ತಿದರು.

"ಹಾಂ ಹೇಳವ್ವಾ. ಬೀದರದಾಗ ನಿಂತೀನಿ. ಜಲ್ದಿ ಹೇಳು, ಅಲ್ಲಾಡಬ್ಯಾಡ್ರಿ ಅಂದಾರ."

"ಅಕ್ಕಾ, ಫೋಟೋ ಎಂಥದರಲ್ಲಿ ತೆಗೀತಿದ್ದಾರೆ?"

"ಡ್ರೋನಿನಾಗ! ಶ್ರೀಧರ ಹೊಸಾದು ತಂದಾನ. ಮೊದಲ ಖರ್ಜೂರ ಗಿಡದಷ್ಟಽ ಎತ್ತರ ಬಿಟ್ಟಿದ್ದ. ಅಬುಧಾಬಿಲಿಂದ, ಮೊಹಮ್ಮದ್ ಬಿನ್ ಜಾಯೆದ್ ಸಿಟಿಲಿಂದ ನಮ್ಮ ಕಡಿ ಮಂದಿ ಬಸ್ ತುಂಬ ಬಂದಾರಲ್ಲ, ಮ್ಯಾಲಿನ ಕರ್ನಾಟಕ ಭಾಳ ಬೆಳದದ. ಬೀದರ ಫ್ರೇಮಿನಾಗ ಬರಲ್ಲ ಅಂದ. ನಾವು ಬಿಡ್ತೀವೇನು? ಇನ್ನಾ ಮ್ಯಾಲ ಕಳಸೋ, ಇನ್ನಾ ಮ್ಯಾಲ ಅಂದೆವು. ಈಗ ಚುಕ್ಕಿ ಆಗ್ಯದ ನೋಡು."

"ಅಕ್ಕಾ, ಈಗಲೇ ಇಳಿಸಲಿಕ್ಕೆ ಹೇಳಿ. ನಮ್ಮ ಹೆಲಿಕಾಪ್ಟರಿಗೆ ಬಡಿಯುವುದರಲ್ಲಿತ್ತು. ಇನ್ನೊಂದು ಹಿಂದೆ ಉಂಟು, ಅದರಲ್ಲಿ ಜನ ಇದ್ದಾರೆ. ಬಡಿದ್ರೆ ಬೀಳ್ತದೆ."

ಆ ಕಡೆಯಿಂದ ಫೋನ್ ಬೇಕೇ ಇಲ್ಲದಂಥ ಕೂಗು:

"ಏ ಶ್ರೀಧರಾ! ಇಳಸೋ ಅದನ್ನ! ಬೀದರ ಬ್ಯಾಡ, ಏನೂ ಬ್ಯಾಡ, ಇಳಸು!"

ಶ್ರೀಧರ ನಿಂತದ್ದು ನಕ್ಷೆಯ ಕೆಳತುದಿಯಲ್ಲಿ, ಮೈಸೂರಿನ ಆಚೆ. ಕೂಗು ಅಲ್ಲಿಗೆ ಮುಟ್ಟಲಿಲ್ಲ. ಮಾದೇವಕ್ಕ ಸೀರೆ ಎತ್ತಿಕಟ್ಟಿ ಓಡಿದರು. ಬೀದರಿನಿಂದ ಹೊರಟು ರಾಯಚೂರನ್ನು ಸರಿಸಿ, ಬಳ್ಳಾರಿಯ ನಡುವೆ ನುಗ್ಗಿ, ಬೆಂಗಳೂರಿನವರ ಕಾಲು ತುಳಿದು. ಫೋನ್ ಅವರ ಕೈಯಲ್ಲೇ ಇತ್ತು, ನನಗೆ ಏದುಸಿರು, ಮರಳು, "ಎಲ್ಲಿಗ್ರೀ, ಲೈನ್ ಕೆಡ್ತದೆ" ಎಂಬ ಬೈಗುಳ ಎಲ್ಲ ಕೇಳುತ್ತಿತ್ತು. ಈ ಕಿವಿಯಲ್ಲಿ ಅದು, ಆ ಕಿವಿಯಲ್ಲಿ ಲೀನಾ: "ಇನ್ನೂ ಸುತ್ತುತ್ತಿದ್ದೇನೆ." ಅವಳ ಸ್ವರದ ಹಿಂದೆ ಯಾರೋ ನಗುವುದು ಕೇಳಿಸಿತು. ಅಜ್ಜಿ. ಹೆಚ್ಚುವರಿ ಸುತ್ತು ಪುಕ್ಕಟೆ ಸಿಕ್ಕಿತೆಂದು ಖುಷಿಯಲ್ಲಿದ್ದರು.

"ಅಯ್ಯೋ ಮೇಡಂ, ಏರ್‌ಪೋರ್ಟ್ ಎಷ್ಟೊಂದು ದೂರ ಇದೆ ಇಲ್ಲಿಂದ..." ಎಂದು ಶ್ರೀಧರನ ಸ್ವರ.

"ಏರ್‌ಪೋರ್ಟ್ ಕಟಗೊಂಡು ನಾ ಏನ್ ಮಾಡ್ಲಿ, ಇಳಸಂತೀನಿ!"

ಆಮೇಲೆ "ಹೋ" ಎಂದು ನೂರಾರು ಜನರ ಒಂದೇ ಉದ್ಗಾರ.

"ಬಿತ್ತವ್ವಾ" ಎಂದರು ಮಾದೇವಕ್ಕ. "ಗಡಬಡಿಸಿ ಇಳಸಲಕ್ಕ ಹೋಗಿ ನೀರಾಗ ಕೆಡವ್ಯಾನ."

"ನೀವೇ ಕಂಡಿರಾ ಅಕ್ಕಾ? ಯಾರೋ ಹೇಳಿದ್ದಲ್ಲವಲ್ಲ?"

"ಈ ಕಣ್ಣೀಲೆ ಕಂಡೀನಿ. ಒಬ್ಬಾಂವ ಮೊಳಕಾಲ ನೀರಾಗ ಇಳದು ಎತ್ತಲತ್ತಾನ."

"ಇದ್ದದ್ದು ಒಂದೇನಾ? ಇನ್ನೊಂದು ಮೇಲೆ ಇಲ್ಲ ತಾನೇ?"

"ಒಂದಽ. ಮ್ಯಾಲ ಈಗ ಬರೇ ಬಿಸಲು."

ಕಂಡದ್ದನ್ನು ಕಂಡ ಹಾಗೆ ಸಾಹೇಬರಿಗೆ ಹೇಳಿದೆ, ಸಾಹೇಬರು ಟವರಿಗೆ ಹೇಳಿದರು. ಟವರು ಲೀನಾಳಿಗೆ ದಾರಿ ಕೊಟ್ಟಿತು. ಹೆಲಿಪ್ಯಾಡಿನ ಕಡೆಯ ಕಿಟಕಿಯಿಂದ ನೋಡುತ್ತಾ ನಿಂತೆ. ಅಜ್ಜಿ ಮೊದಲು ಇಳಿದರು, ಲೀನಾಳ ಕೆನ್ನೆ ಸವರಿ ಹೋದರು. ಲೀನಾ ಒಳಗೆ ಬಂದು ನೀರು ಕುಡಿಯುವಾಗ ಅರ್ಧ ನೀರು ತೋಳಿನ ಮೇಲೆ ಚೆಲ್ಲಿತು. ಅವಳು ಒರೆಸಿಕೊಳ್ಳಲಿಲ್ಲ. ನಾನು ಡಬ್ಬಿ ತೆರೆದು ಒಂದು ನೀರುದೋಸೆ ಮಡಚಿ ಅವಳ ಕೈಗಿಟ್ಟೆ. ತಿಂದಳು.

ಒಟೀನೊ ಮೇಜಿನ ಮುಂದೆ ಕೂತು ವರದಿ ಬರೆಯುತ್ತಿದ್ದರು. ಆಕಾರ ಮಾತಿನಲ್ಲಿ ಸಿಗದೆ ಚಿತ್ರವನ್ನೇ ಬಿಡಿಸಿದ್ದರು. ವಾಲಿದ ಹೂಜಿ, ಅದರ ಬಾಯಿ, ಪಕ್ಕದಲ್ಲಿ ಸಮುದ್ರ.

"ಸಿಸ್ಟರ್, ಈ ಹೂಜಿ ಯಾವ ದೇಶದ್ದು?" ಎಂದರು ನಬೀಲ್ ಸಾಹೇಬರು.

"ನಮ್ಮ ರಾಜ್ಯ, ಸರ್. ನಮ್ಮ ಯಜಮಾನರು ಇಲ್ಲಿ ನಿಂತಿದ್ದಾರೆ" ಎಂದು ಉಡುಪಿಯ ಜಾಗಕ್ಕೆ ಬೆರಳಿಟ್ಟೆ.

ಅವರು ನಕ್ಕರು. ನಕ್ಕು ಮುಗಿದ ಮೇಲೆ, "ಹಾರಿಸಿದವನ ಹೆಸರು ನಿನಗೆ ಗೊತ್ತು" ಎಂದರು. ಪ್ರಶ್ನೆಯಾಗಿ ಕೇಳಲಿಲ್ಲ.

ಅಷ್ಟರಲ್ಲಿ ನಮ್ಮವರ ಫೋನ್. ಉಡುಪಿ ಈಗ ಕೈ ಎತ್ತಬಹುದಿತ್ತು. "ವಸಂತಿ, ಹುಡುಗ ಕೂತು ಅಳ್ತಾ ಇದ್ದಾನೆ. ಅವನ ಹೆಂಡತಿ ಬಸುರಿ. ವೀಸಾ ಹೋದ್ರೆ? ಹೆಸರು ಹಾಕಲೇಬೇಕಾ?"

ಹೊಸಬರಿಗೆ ನಾನು ಹೇಳುವುದು ಇದೊಂದೇ. ನಿಮ್ಮ ಪರದೆ, ರೇಡಿಯೊ ಎಲ್ಲ ಒಂದು ದಿನ ಬದಲಾಗುತ್ತವೆ. ಈ ಫೋನ್ ಮಾತ್ರ ಯಾವಾಗಲಾದರೊಮ್ಮೆ ಬಂದೇ ಬರುತ್ತದೆ. ನಾನು ಅವರಿಗೆ, "ನಾನು ಬರೀತೇನೆ. ಆದರೆ ಅವನು ತಾನೇ ಬಂದು ಹೇಳಿದ್ರೆ ಅದನ್ನೂ ಬರೀತೇನೆ. ಕರಕೊಂಡು ಬನ್ನಿ" ಎಂದೆ.

ಬಂದ. ನಮ್ಮವರು, ಅವರ ಹಿಂದೆ ಶ್ರೀಧರ. ಅವನ ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದ ತುಂಬ ಸೋನಾ ಮಸೂರಿ ಅಕ್ಕಿ, ಅಕ್ಕಿಯೊಳಗೆ ಡ್ರೋನ್. ನೀರಿಗೆ ಬಿದ್ದ ಫೋನಿಗೆ ಮಾಡುವ ಉಪಾಯ ಯಾರೋ ಹೇಳಿದ್ದರಂತೆ. ಪಿಕ್ನಿಕ್ಕಿನ ಬಿಸಿಬೇಳೆಬಾತಿಗೆ ತಂದ ಅಕ್ಕಿ ಅದು. ಕೆಂಪು ಟೀಶರ್ಟಿನಲ್ಲಿ ಅವನು ಇನ್ನೂ ಚಿಕ್ಕವನ ಹಾಗೆ ಕಾಣುತ್ತಿದ್ದ.

"ಸಾರಿ ಸರ್. ವಿಮಾನ ಇಳಿಯೋ ಕಡೆ ಹಾರಿಸಬಾರದು ಅಂತ ಗೊತ್ತಿತ್ತು. ಹೆಲಿಕಾಪ್ಟರ್ ಯೋಚನೆಗೇ ಬರಲಿಲ್ಲ. ಸ್ಕ್ರೀನ್ ನೋಡ್ತಾ ಇದ್ದೆ, ಬೀದರ್ ಬಂತಾ ಬಂತಾ ಅಂತ..."

ಒಟೀನೊ ಅವನನ್ನು ಬೈಯಲಿಲ್ಲ. ಹೊರಗೆ ಕರೆದುಕೊಂಡು ಹೋಗಿ ತಮ್ಮ ಆಸನದಲ್ಲಿ ಕೂರಿಸಿದರು. ಗಾಜಿಗೆ ಬೆರಳು ತಟ್ಟಿ, "ಇಲ್ಲಿ ನಿಂತಿತ್ತು" ಎಂದರು. "ನೊಣ ಅಂದುಕೊಂಡೆ. ನನ್ನ ಹಿಂದೆ ಕೂತವರು ನಿಮ್ಮ ಬಣ್ಣ ನೋಡಿ ಚಪ್ಪಾಳೆ ತಟ್ಟುತ್ತಿದ್ದರು." ಶ್ರೀಧರ ಗಾಜಿನ ಆ ಜಾಗವನ್ನು ಬಹಳ ಹೊತ್ತು ನೋಡುತ್ತಾ ಕೂತಿದ್ದ. ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತೇನೋ.

ಅನುಮತಿ ಇಲ್ಲದೆ ಹಾರಿಸಿದ್ದಕ್ಕೆ ಅವನು ದಂಡ ಕಟ್ಟಿದ, ಪೊಲೀಸರು ತೆಗೆದುಕೊಂಡ ಡ್ರೋನ್ ಮರಳಿ ಸಿಗಲಿಲ್ಲ, ಕೆಲಸ ಉಳಿಯಿತು. ತಾನೇ ಬಂದು ಒಪ್ಪಿಕೊಂಡದ್ದು, ಕೂಡಲೇ ಇಳಿಸಿದ್ದು ಅವನ ಪರವಾಗಿ ನಿಂತಿತೆಂದು ಸಾಹೇಬರು ಹೇಳಿದರು. ಅವನ ಮಗಳಿಗೆ ಈಗ ಮಾತು ಬರುತ್ತದೆ, ನನ್ನನ್ನು ಅಜ್ಜಿ ಎಂದು ಕರೆಯುತ್ತಾಳೆ. ನಮ್ಮ ಕಂಪನಿಯವರು ಮುಂದಿನ ಋತುವಿಗೆ ಮೊದಲು ಎಲ್ಲ ಊರಿನವರ ಸಂಘಗಳಿಗೂ ಹೋಗಿ, ಎಲ್ಲಿ ಹಾರಿಸಬಾರದು, ಯಾರನ್ನು ಕೇಳಬೇಕು ಎಂದು ಹೇಳಿ ಬರುವ ಪದ್ಧತಿ ಶುರು ಮಾಡಿದರು. ಕನ್ನಡ ಸಂಘಕ್ಕೆ ಹೋಗಿ ಮಾತಾಡಿದವನು ಶ್ರೀಧರನೇ. ಟೊಮೆಟೊ, ಪವರ್‌ಬ್ಯಾಂಕ್ ಎರಡನ್ನೂ ಕೈಯಲ್ಲಿ ಹಿಡಿದುಕೊಂಡು.

ಆದರೆ ಅದೆಲ್ಲ ಆಮೇಲೆ. ಆ ಸಂಜೆ ಮನೆಗೆ ಬಂದು, ಕಾಲಿಗೆ ನೀರು ಹಾಕಿಕೊಂಡು, ದೀಪ ಹಚ್ಚಿ ಕೂತಾಗ ನನ್ನ ಕಿವಿಯಲ್ಲಿ ಇನ್ನೂ ರೇಡಿಯೊದ ಕರಕರ ಇತ್ತು. ನಮ್ಮವರು ಕೆಂಪು ಟೀಶರ್ಟ್ ಕಳಚದೆ ಸೋಫಾದಲ್ಲೇ ನಿದ್ದೆ ಹೋಗಿದ್ದರು, ಹಣೆಯ ಮೇಲೆ ಟೊಪ್ಪಿಯ ಗೆರೆ. ಬಾಗಿಲು ತಟ್ಟಿದ ಸದ್ದು. ಮಾದೇವಕ್ಕ. ಹಳದಿ ಸೀರೆಯ ಅಂಚಿನಲ್ಲಿ ಇನ್ನೂ ಮರಳು. ಉಳಿದ ಹೋಳಿಗೆಯ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಮೊಳಕಾಲು ನೋವೆಂದು ಗೋಡೆ ಹಿಡಿದು ತಮ್ಮ ಬಾಗಿಲ ಕಡೆ ತಿರುಗಿದರು. ಬೀಗಕ್ಕೆ ಕೀಲಿ ಹಾಕುತ್ತಾ, ನನ್ನ ಕಡೆ ನೋಡದೆಯೇ ಅಂದರು:

"ಫೋಟೋ ಹೋದರ ಹೋಗಲಿ ಬಿಡವ್ವಾ. ಮ್ಯಾಲ ಹಾರಲತ್ತಿದ್ದ ನಿಮ್ಮ ಪೈಲಟಗಾದರೂ ಬೀದರ ಕಂಡಿತ್ತೇನು, ಒಂಚೂರು ಕೇಳಿ ಹೇಳು."